ಇಪ್ಪತ್ತನಾಲ್ಕು ಅಂಕಣದ ಮನೆ

ಮನೆ ಕಟ್ಟಿಸುವವರು ನನ್ನನ್ನು ಏನೇನು ಕೇಳುತ್ತಾರೆ ಎನ್ನುವುದು ನನಗೆ ಬಾಯಿಪಾಠವಾಗಿಬಿಟ್ಟಿದೆ. ಚದರಕ್ಕೆ ಎಷ್ಟು ಬೀಳುತ್ತದೆ, ಎಷ್ಟು ತಿಂಗಳಿಗೆ ಮುಗಿಯುತ್ತದೆ, ಯಾವ ಸಿಮೆಂಟು ಒಳ್ಳೆಯದು, ದೇವರ ಮನೆ ಯಾವ ಮೂಲೆಗೆ ಬರಬೇಕು. ನಂಜನಗೂಡಿನ ಪೇಟೆಯಲ್ಲಿ ಒಂದು ಔಷಧಿ ಅಂಗಡಿಯ ಮೇಲೆ ಆಫೀಸು ಮಾಡಿಕೊಂಡು ಇಪ್ಪತ್ತಾರು ವರ್ಷದಿಂದ ಈ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದೇನೆ. ಪಾಯ ತೆಗೆಯುವ ಮುಂಚೆಯೇ 'ಈ ಮನೆಯನ್ನು ಮಾರಿದರೆ ಎಷ್ಟು ಬರುತ್ತದೆ' ಎಂದು ಕೇಳಿದವರು ಮಾತ್ರ ಒಬ್ಬರೇ ಒಬ್ಬರು. ತಾಂಡವಪುರದ ಹತ್ತಿರದ ಒಂದು ಹಳ್ಳಿಯ, ಅರವತ್ತೈದು ದಾಟಿದ ಒಕ್ಕಲು ಮನೆತನದ ಹೆಂಗಸು. ಉತ್ತರ ನನಗೆ ಗೊತ್ತಿತ್ತು. ಗೊತ್ತಿದ್ದೂ ಆವತ್ತು ನುಂಗಿಕೊಂಡೆ. ಯಾಕೆ ನುಂಗಿಕೊಂಡೆ ಎನ್ನುವುದನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಮೊದಲು ನನ್ನ ಆಫೀಸಿಗೆ ಬಂದವನು ಆಕೆಯ ಮಗ. ನನಗಿಂತ ಹನ್ನೆರಡು ವರ್ಷ ಚಿಕ್ಕವನು, ಅದಕ್ಕೇ ಈ ಏಕವಚನ. ಬಾಡಿಗೆಗೆ ಬಿಡುವ ಒಂದು ಹಳೇ ಜೆಸಿಬಿಯಿಂದ ಶುರು ಮಾಡಿ ಎಂಟು ಗಾಡಿ ಮಾಡಿಕೊಂಡ ಗಟ್ಟಿಗ. ಈಗಲೂ ಗಾಡಿಯ ಪೈಪು ಒಡೆದರೆ ತಾನೇ ಅಂಗಿ ಬಿಚ್ಚಿಟ್ಟು ಅದರ ಅಡಿಗೆ ನುಗ್ಗುತ್ತಾನೆ. ಮೈಸೂರು ರಸ್ತೆಗೆ ಅಂಟಿಕೊಂಡಿದ್ದ ಅವರ ಹೊಲ ಒಳ್ಳೆಯ ಬೆಲೆಗೆ ಹೋಗಿತ್ತು. ಅದರ ಹಿಂದೆ, ಊರಿಗೆ ಹತ್ತಿರವಾಗಿ ಎರಡು ಎಕರೆ ಒಣ ಹೊಲ ಉಳಿದಿತ್ತು. ಅಲ್ಲಿ ಮನೆ ಕಟ್ಟಬೇಕು, ಆ ಸುತ್ತಿನಲ್ಲಿ ಅಂಥದ್ದು ಇನ್ನೊಂದು ಇರಬಾರದು ಎಂದ. ಇದಲ್ಲದೆ ಅವರಿಗಿದ್ದದ್ದು ನಾಲೆಯ ಕೆಳಗಿನ ಒಂದು ಎಕರೆ ಚಿಲ್ಲರೆ ಗದ್ದೆ. ಅದನ್ನು ತಾಯಿಯೇ ಮುಂದೆ ನಿಂತು ಮಾಡಿಸುತ್ತಾರೆ, ಅದರ ಸುದ್ದಿಗೆ ತಾನು ಹೋಗುವುದಿಲ್ಲ ಎಂದು ನಕ್ಕ.

ಮುಂದಿನ ಭಾನುವಾರ ಅವರ ಹಳೇ ಮನೆಗೆ ಹೋದೆ. ತೊಲೆ, ಜಂತೆ, ಮೇಲೆ ನಾಡಹೆಂಚು; ನಡುಮನೆಯಲ್ಲಿ ಕೈಯಾಡಿಸಿ ಕೈಯಾಡಿಸಿ ಕಪ್ಪಗೆ ಹೊಳೆಯುವ ಕಂಬಗಳು. ಒಂದು ಕಂಬಕ್ಕೆ ಒರಗಿ ಕೂತೆ. ಸೊಸೆ ಕಾಫಿ ತಂದುಕೊಟ್ಟರು. ಎಷ್ಟು ದೊಡ್ಡ ಮನೆ ಬೇಕಮ್ಮ ಎಂದು ತಾಯಿಯನ್ನೇ ಕೇಳಿದೆ.

"ಈ ಮನೆ ಅನ್ನೆರಡಂಕಣ" ಎಂದರು ಆಕೆ. "ಇದ್ರ ಎರಡರಷ್ಟು ಆದ್ರೆ ಸಾಕು. ಇಪ್ಪತ್ನಾಕಂಕಣ. ನಮ್ಮತ್ತೆ ಸಾಯೋಗಂಟ ಅದ್ನೇ ಏಳ್ತಿದ್ರು, ಒಂದು ಇಪ್ಪತ್ನಾಕಂಕಣದ ಮನೆ ಆಗ್ಬೇಕು ಅಂತ."

ಆ ಮಾತು ಕೇಳಿ ನನಗೆ ಖುಷಿಯಾಯಿತು. ನಮ್ಮ ಕಡೆ ಹಿಂದೆ ಮನೆಯನ್ನು ಅಡಿಯಲ್ಲಿ ಅಳೆಯುತ್ತಿರಲಿಲ್ಲ, ಅಂಕಣದಲ್ಲಿ ಎಣಿಸುತ್ತಿದ್ದರು. ನಾಲ್ಕು ಕಂಬದ ನಡುವಿನ ಜಾಗ ಒಂದು ಅಂಕಣ. ಈಗಿನ ಹುಡುಗ ಇಂಜಿನಿಯರುಗಳಿಗೆ ಈ ಮಾತು ಹೇಳಿದರೆ ಮಿಕಮಿಕ ನೋಡುತ್ತಾರೆ. ನನಗೆ ಗೊತ್ತು ಎನ್ನುವ ಗತ್ತು ನನಗೆ ಮೊದಲಿನಿಂದಲೂ ಇದೆ. ಇಪ್ಪತ್ತನಾಲ್ಕು ಅಂಕಣ ಎಂದು ಡೈರಿಯಲ್ಲಿ ಬರೆದು ಅಡಿಗೆರೆ ಎಳೆದೆ. ಈಗಿನ ಕಾಂಕ್ರೀಟು ಮನೆಯಲ್ಲಿ ಕಂಬದಿಂದ ಕಂಬಕ್ಕೆ ಹದಿನೈದಡಿ ಕೊಡುವುದು ವಾಡಿಕೆ, ಅದನ್ನೇ ಹಿಡಿದೆ. ಅಳತೆಯ ಟೇಪು ಪಕ್ಕದ ಚೀಲದಲ್ಲೇ ಇತ್ತು. ಅಂಕಣ ತಲೆಯ ಮೇಲೇ ಇತ್ತು. ಕಾಫಿ ಕುಡಿದು ಎದ್ದು ಬಂದೆ.

ನನ್ನ ಬದುಕೆಲ್ಲ ಮೂವತ್ತು ನಲವತ್ತರ ಸೈಟುಗಳಲ್ಲೇ ಕಳೆದುಹೋಗಿದೆ. ಮೆಟ್ಟಿಲನ್ನು ಎಲ್ಲಿ ತುರುಕುವುದು, ಬೈಕು ಎಲ್ಲಿ ನಿಲ್ಲಿಸುವುದು, ಪಕ್ಕದವರ ಕಿಟಕಿ ಎದುರಿಗೆ ನಮ್ಮ ಬಚ್ಚಲ ಕಿಟಕಿ ಬರದ ಹಾಗೆ ಹೇಗೆ ನೋಡಿಕೊಳ್ಳುವುದು, ಇದರಲ್ಲೇ ತಲೆ ಬೆಳ್ಳಗಾಗಿದೆ. ಈಗ ಒಮ್ಮೆಗೇ ಎರಡು ಎಕರೆ ನೆಲ, ಕೈ ಕಟ್ಟದ ದುಡ್ಡು. ಮೂರು ವಾರ ಬೆಳಿಗ್ಗೆ ಆರಕ್ಕೇ ಆಫೀಸಿನ ಬೀಗ ತೆಗೆದೆ. ಹದಿನೈದಡಿಯ ಚೌಕಗಳು, ಅಗಲಕ್ಕೆ ನಾಲ್ಕು, ಉದ್ದಕ್ಕೆ ಆರು. ನಟ್ಟನಡುವೆ ಎರಡು ಚೌಕ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ತೇಗದ ಕಂಬಗಳು. ಮೇಲೆ ಅಷ್ಟೇ ಅಗಲದ ಮಹಡಿ. ಮಗ ಬಂದು ಬಂದು ಸೇರಿಸುತ್ತಾ ಹೋದ: ಸಿನಿಮಾ ನೋಡುವ ಕೋಣೆ, ಲಿಫ್ಟು, ಎರಡು ಕಾರು ನಿಲ್ಲುವ ಪೋರ್ಟಿಕೊ, ನೆಂಟರಿಗೆ ಬೇರೆಯೇ ಬಾಗಿಲು. ಕೊನೆಗೆ ನೂರಾ ಇಪ್ಪತ್ತು ಚದರಕ್ಕೆ ನಿಂತಿತು, ಅಂದರೆ ಹನ್ನೆರಡು ಸಾವಿರ ಚದರಡಿ. ವಾಸಕ್ಕೆ ತಾಯಿ, ಮಗ, ಸೊಸೆ, ಸ್ಕೂಲಿಗೆ ಹೋಗುವ ಇಬ್ಬರು ಮೊಮ್ಮಕ್ಕಳು, ಒಟ್ಟು ಐದು ಜನ. ಅದು ನಾನು ಬರೆದದ್ದರಲ್ಲೇ ಚೆಂದದ ಪ್ಲಾನು. ಈಗಲೂ ಹಾಗೆಯೇ ಹೇಳುತ್ತೇನೆ.

ಪ್ಲಾನನ್ನು ಹಳೇ ಮನೆಯ ಜಗಲಿಯ ಮೇಲೆ ಹಾಸಿದಾಗ ತಾಯಿ ಕಾಗದದ ಮೇಲೆ ಬೆರಳಿಟ್ಟು ಚೌಕಗಳನ್ನು ಒಂದೊಂದಾಗಿ ಎಣಿಸಿದರು. ಇಪ್ಪತ್ತನಾಲ್ಕು ಬಂತು. ಸರಿಯಾಗಿದೆ ಎಂದರು. ಸರಿಯಾಗಿಯೇ ಇತ್ತು, ಎಣಿಕೆ ಮಾತ್ರ. ಅಲ್ಲಿಂದ ಮುಂದೆ ಮಗ ಊರಲ್ಲೆಲ್ಲ ಇದು ನನ್ನ ಆಸೆಯಲ್ಲ, ಅವ್ವನೇ ಬಾಯಿಬಿಟ್ಟು ಕೇಳಿದ ಮನೆ ಎಂದು ಹೇಳಿಕೊಂಡು ಓಡಾಡಿದ.

ಮಣ್ಣು ನೋಡಲು ನಾಲ್ಕು ಮೂಲೆಯಲ್ಲಿ ಗುಂಡಿ ತೆಗೆಸಿದೆವು. ಗಾಡಿ ಅವನದೇ, ಅರ್ಧ ದಿನದ ಕೆಲಸ. ಮೂರು ಗುಂಡಿಗಳಲ್ಲಿ ನಾಲ್ಕಡಿಗೇ ಗಟ್ಟಿ ಕೆಂಪು ಮೊರಂ ಮಣ್ಣು ಸಿಕ್ಕಿತು. ನಾಲ್ಕನೆಯದು ತೆಂಕಣ ಪಡುವಣ ಮೂಲೆ. ಅಲ್ಲಿ ಹತ್ತಡಿ ಇಳಿದರೂ ಕಪ್ಪು ಎರೆ ಮಣ್ಣು ಮುಗಿಯಲಿಲ್ಲ. ಮಳೆಗೆ ಉಬ್ಬುವ, ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಮಾಮೂಲಿ ಪಾಯ ಹಾಕಿದರೆ ಎರಡೇ ವರ್ಷಕ್ಕೆ ಗೋಡೆ ಸೀಳುತ್ತದೆ. ಒಂದೇ ಮನೆಯ ಅರ್ಧ ಕೆಂಪು ನೆಲದ ಮೇಲೆ, ಅರ್ಧ ಕಪ್ಪು ನೆಲದ ಮೇಲೆ ನಿಂತರೆ ಇನ್ನೂ ಕಷ್ಟ. ಆ ಕಡೆಯ ಕಂಬಗಳ ಅಡಿಗೆಲ್ಲ ಪೈಲು, ಅಂದರೆ ಗಟ್ಟಿ ನೆಲ ಮುಟ್ಟುವವರೆಗೆ ಆಳದ ಕಾಂಕ್ರೀಟು ಗೂಟ, ಇಳಿಸಬೇಕು ಎಂದೆ. ತಿರುಮಕೂಡಲಿನ ಕಡೆಯಿಂದ ಬಂದಿದ್ದ ನಮ್ಮ ಮೇಸ್ತ್ರಿ ಗುಂಡಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಆ ಮಣ್ಣನ್ನು ಬೆರಳಲ್ಲಿ ಹೊಸಕಿ, "ಸಾ, ಕೆಂಪ್ ನೆಲ ಇಷ್ಟು ಅದೆಯಲ್ಲ, ಬುಟ್ಟು ಕಪ್ಪಕ್ಯಾಕ್ ಓಗ್ಬೇಕು?" ಎಂದ. ನನ್ನ ಪ್ಲಾನಿನ ಅರಿವಿಲ್ಲದೆ ಮಾತಾಡಬೇಡ ಎಂದು ಗದರಿದೆ. ನಲವತ್ತು ವರ್ಷ ಕಲ್ಲು ಇಟ್ಟಿಗೆಯ ಜೊತೆ ಬಾಳಿದವನ ಮಾತನ್ನು ಗದರಿ ಕೂರಿಸಿದ್ದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಪೈಲಿನ ಖರ್ಚು ಸೇರಿದ ಮೇಲೆ ಹೊಲ ಮಾರಿದ ದುಡ್ಡು ಸಾಲದೆ ಹೋಯಿತು. ಗಾಡಿಗಳ ಮೇಲೆ ಆಗಲೇ ಬ್ಯಾಂಕಿನ ಸಾಲವಿದ್ದುದರಿಂದ ಮನೆಗೆ ಸಾಲ ಬೇಡ ಎನ್ನುವ ಬುದ್ಧಿ ಮಗನಿಗಿತ್ತು. ಉಳಿದದ್ದು ನಾಲೆಯ ಕೆಳಗಿನ ಗದ್ದೆ. ಪಕ್ಕದ ಊರಿನವರೊಬ್ಬರು ಬಹಳ ದಿನದಿಂದ ಕೇಳುತ್ತಿದ್ದರಂತೆ. ತಾಯಿ ಬೇಡ ಎನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ನಾನು ಕಾರಿನ ಬಾಗಿಲು ತೆಗೆಯುವಾಗ ಹಿಂದೆಯೇ ಬಂದರು.

"ಇಂಜಿನಿಯರಪ್ನೋರೇ, ಈ ಮನೆ ಕಟ್ಟಾದ್ ಮ್ಯಾಕೆ ಯಾರಾದ್ರೂ ಕೊಂಡ್ಕತೀನಿ ಅಂದ್ರೆ ಎಷ್ಟ್ ಬತ್ತದೆ?"

ಮಾರುವುದಕ್ಕೆ ಯಾರಾದರೂ ಇಂಥ ಮನೆ ಕಟ್ಟಿಸುತ್ತಾರೇನಮ್ಮ ಎಂದು ನಕ್ಕೆ. ಆಕೆ ನಗಲಿಲ್ಲ.

"ಗದ್ದೆ ಮಾರುದ್ರೆ ಎಷ್ಟ್ ಬತ್ತದೆ ಅಂತ ಗೊತ್ತು. ಗದ್ದೆನೇ ಈಗ ಮನೆ ಮಾಡ್ತಾವ್ರೆ. ಅದ್ಕೇ ಕೇಳ್ದೆ" ಎಂದರು. ಆಮೇಲೆ ದನಿ ಇಳಿಸಿ, ಮನೆ ತಾನೇ ಬಾಯಿಬಿಟ್ಟು ಕೇಳಿದ್ದು, ಈಗ ಬೇಡ ಎಂದರೆ ಮಗನ ಮನಸ್ಸು ಮುರಿಯುತ್ತದೆ ಎಂದರು.

ನಾನು ಬ್ಯಾಂಕುಗಳಿಗೆ ಮನೆಗಳ ಬೆಲೆ ಕಟ್ಟಿಕೊಡುವ ಕೆಲಸವನ್ನೂ ಮಾಡುತ್ತೇನೆ. ಆಕೆಯ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ ಸರಿಯಾಗಿ ಉತ್ತರ ಹೇಳಬಲ್ಲ ಕೆಲವೇ ಜನರಲ್ಲಿ ನಾನೂ ಒಬ್ಬ. ಆದರೆ ನನ್ನ ಫೀಸು ಕಟ್ಟಡದ ಖರ್ಚಿನ ಮೇಲೆ ನೂರಕ್ಕೆ ಇಷ್ಟು ಎಂಬ ಲೆಕ್ಕದ್ದು. ಅದಕ್ಕಿಂತ ಹೆಚ್ಚಾಗಿ, ಆ ಪ್ಲಾನಿನ ಮೇಲೆ ನನಗೆ ಮೋಹ ಹುಟ್ಟಿಬಿಟ್ಟಿತ್ತು. ಯೋಚನೆ ಮಾಡಿ ಹೇಳುತ್ತೇನೆ ಎಂದು ಕಾರು ಹತ್ತಿದೆ.

ಅದೇ ವಾರ ಬ್ಯಾಂಕಿನವರು ಬನ್ನೂರಿನ ಕಡೆಗೆ ಕಳಿಸಿದರು. ಗದ್ದೆ ಬಯಲಿನ ನಡುವೆ ಒಂದು ಭಾರಿ ಮನೆ, ಕಟ್ಟಿ ಎಂಟು ವರ್ಷವಾಗಿತ್ತು. ಯಜಮಾನರು ತಮ್ಮ ಆಲೆಮನೆಯನ್ನು ಹೊಸದು ಮಾಡಲು ಮನೆಯ ಆಧಾರದ ಮೇಲೆ ಸಾಲ ಕೇಳಿದ್ದರು. ನನ್ನ ಕೆಲಸದ ಕ್ರಮ ಸರಳ. ಮೊದಲು ಅಳತೆ, ಆಮೇಲೆ ಗೋಡೆ, ತಾರಸಿ, ಮರ, ವೈರಿಂಗು ಯಾವ ಸ್ಥಿತಿಯಲ್ಲಿವೆ ಎಂದು ನೋಡುವುದು. ಕೊನೆಗೆ ಫಾರಂನಲ್ಲಿ ಮೂರು ಬೆಲೆ ಬರೆಯಬೇಕು: ಈಗ ಕಟ್ಟಿದರೆ ಎಷ್ಟಾಗುತ್ತದೆ, ಪೇಟೆಯಲ್ಲಿ ಎಷ್ಟಕ್ಕೆ ಹೋಗುತ್ತದೆ, ತುರ್ತಾಗಿ ಮಾರಬೇಕಾಗಿ ಬಂದರೆ ಎಷ್ಟು ಕೈಗೆ ಬರುತ್ತದೆ. ಮೂರನೆಯದನ್ನು ನಾನು ಅವಸರದ ಬೆಲೆ ಎನ್ನುತ್ತೇನೆ. ಬ್ಯಾಂಕಿನವರು ಮೊದಲು ನೋಡುವುದು ಅದನ್ನೇ.

ಆ ಮನೆಯ ಒಳಗೆ ಗಂಡ ಹೆಂಡತಿ ಕೆಳಗಿನ ಎರಡು ಕೋಣೆಗಳಲ್ಲಿ ಬಾಳುತ್ತಿದ್ದರು. ಮೇಲಿನ ಬಾಗಿಲುಗಳು ಮಳೆಯ ತೇವಕ್ಕೆ ಊದಿಕೊಂಡು ಭುಜ ಕೊಟ್ಟು ತಳ್ಳಬೇಕಾಯಿತು. ತಾರಸಿ ಮೂರು ಕಡೆ ಸೋರಿ ಚಾವಣಿಯ ಬಣ್ಣ ಎದ್ದಿತ್ತು. ಒಮ್ಮೆ ಪೂರ್ತಿ ಬಣ್ಣ ಹೊಡೆಸುವ ಖರ್ಚಲ್ಲಿ ಊರಲ್ಲಿ ಒಂದು ಸಣ್ಣ ಮನೆಯ ಗೋಡೆ ಏಳುತ್ತದೆ ಎಂದರು ಯಜಮಾನರು. ಲಿಫ್ಟು ಕೆಟ್ಟು ವರ್ಷವಾಗಿತ್ತು, ಅದರೊಳಗೆ ಅಕ್ಕಿ ಮೂಟೆ ಇಟ್ಟಿದ್ದರು. ಇಲಿ ಬರಲ್ಲ ಸಾ, ಅದೊಂದು ಅನುಕೂಲ ಎಂದು ಯಜಮಾನರೇ ನಕ್ಕರು. ಒಳ್ಳೆಯ ಮನುಷ್ಯ. ಊಟ ಮಾಡದೆ ಕಳಿಸಲಿಲ್ಲ.

ಬನ್ನೂರಿನಲ್ಲಿ ಜಮೀನು ವ್ಯಾಪಾರ ಮಾಡಿಸುವ ಮೂವರನ್ನು ವಿಚಾರಿಸಿದೆ. ಮೂವರ ಮಾತೂ ಒಂದೇ. ನೆಲಕ್ಕೆ ಬೆಲೆಯಿದೆ, ಮನೆಗೆ ಗಿರಾಕಿ ಇಲ್ಲ. ಅಷ್ಟು ದುಡ್ಡಿರುವವನು ಇನ್ನೊಬ್ಬರು ಕಟ್ಟಿಸಿದ ಮನೆ ಯಾಕೆ ಕೊಳ್ಳುತ್ತಾನೆ, ತನಗೆ ಬೇಕಾದ ಹಾಗೆ ತಾನೇ ಕಟ್ಟಿಸುತ್ತಾನೆ. ದುಡ್ಡಿಲ್ಲದವನಿಗೆ ಅದರ ಕರೆಂಟು ಬಿಲ್ಲು ಕಟ್ಟುವುದಕ್ಕೂ ಆಗುವುದಿಲ್ಲ. ಕೂಡಿ ಕಳೆದು ನೋಡಿದರೆ, ಮನೆಗೆ ಹಾಕಿದ್ದರ ಅರ್ಧಕ್ಕಿಂತ ಕೆಳಗೆ ಅವಸರದ ಬೆಲೆ ನಿಂತಿತು. ಬ್ಯಾಂಕಿಗೆ ಬರೆದುಕೊಡುವ ಮುಂಚೆಯೇ ಯಜಮಾನರಿಗೆ ಅದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. "ಅಂಗಾರೆ ಸಾ, ಉಳಿದರ್ಧ ಎಲ್ಲೋಯ್ತು?" ಎಂದರು. ಸಿಟ್ಟಾಗಿದ್ದರೆ ನನಗೆ ಎಷ್ಟೋ ಸಲೀಸಾಗಿರುತ್ತಿತ್ತು. ನರಸೀಪುರದ ಸೇತುವೆ ದಾಟಿ ನಂಜನಗೂಡು ಮುಟ್ಟುವವರೆಗೂ ಆ ಮಾತು ನನ್ನ ಪಕ್ಕದ ಸೀಟಿನಲ್ಲೇ ಕೂತಿತ್ತು.

ಮಾರನೆಯ ದಿನ ತಾಂಡವಪುರದ ಹೊಲದಲ್ಲಿ ಮಾರ್ಕಿಂಗು. ಕಾಗದದ ಮನೆಯನ್ನು ನೆಲದ ಮೇಲೆ ಅದರ ಪೂರ್ತಿ ಅಳತೆಗೆ ಸುಣ್ಣದ ಪುಡಿಯಲ್ಲಿ ಬರೆಯುವ ಕೆಲಸ. ಮಗ ತನ್ನ ಗಾಡಿಯಲ್ಲೇ ನೆಲವನ್ನು ಹದವಾಗಿ ಮಟ್ಟ ಮಾಡಿಸಿ, ನೀರು ಹೊಡೆಸಿ, ರೋಲರು ಓಡಿಸಿದ್ದ. ಮೇಸ್ತ್ರಿ ಗೂಟ ಹೊಡೆದು ದಾರ ಕಟ್ಟಿದ. ಮೂಲೆ ಸರಿಯಾಗಿ ಕೂರಬೇಕಾದರೆ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಹಾಕಿ, ಅವೆರಡರ ನಡುವೆ ಐದಡಿ ಬರುತ್ತದೆಯೇ ಎಂದು ನೋಡುತ್ತಾರೆ. ಅವನು ಹಾಕಿದ ಮೂಲೆಯನ್ನು ನಾನು ಸುಮ್ಮನೆ ಶಾಸ್ತ್ರಕ್ಕೆ ಅಳೆಯುತ್ತೇನೆ, ಒಂದು ಸಲವೂ ಒಂದು ನೂಲು ಆಚೀಚೆ ಬಂದದ್ದಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಇಪ್ಪತ್ತನಾಲ್ಕು ಚೌಕ ಬೆಳ್ಳಗೆ ಎದ್ದು ನಿಂತವು. ಮಾರನೆಯ ಬೆಳಿಗ್ಗೆ ಪಾಯಕ್ಕೆ ಜೆಸಿಬಿ ಇಳಿಯಬೇಕು, ಮಧ್ಯಾಹ್ನ ಗದ್ದೆಗೆ ಮುಂಗಡ ಕೊಡಲು ಪಕ್ಕದ ಊರಿನವರು ಬರಬೇಕು ಎಂದು ನಿಗದಿಯಾಗಿತ್ತು.

ಸುಣ್ಣದ ಕೈ ತೊಳೆದುಕೊಂಡು ತಾಯಿ ಮಗ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ಅಮ್ಮ ಆವತ್ತು ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ, ತಪ್ಪು ನನ್ನದು. ಈ ಮನೆಗೆ ಹಾಕಿದ್ದರಲ್ಲಿ ಅರ್ಧದಷ್ಟು, ಅದು ಮುಗಿದ ದಿನವೇ ಹೋಯಿತು ಎಂದುಕೊಳ್ಳಿ. ಈ ಊರಿನಲ್ಲಿ ಇದನ್ನು ಕೊಳ್ಳುವವರು ಸಿಕ್ಕುವುದಿಲ್ಲ. ಉಳಿಸಿಕೊಳ್ಳಲು ವರ್ಷ ವರ್ಷ ಇನ್ನೂ ಹಾಕುತ್ತಾ ಹೋಗಬೇಕು. ಗದ್ದೆಗೆ ಇದು ಯಾವ ಲೆಕ್ಕದಲ್ಲೂ ಸಾಟಿಯಲ್ಲ. ಬನ್ನೂರಿನ ಮನೆಯ ವಿಷಯವನ್ನೂ ಊರು ಹೆಸರು ಹೇಳದೆ ಹೇಳಿದೆ.

ಮಗನಿಗೆ ಸಿಟ್ಟು ಬಂತು, ಬಂದದ್ದು ನ್ಯಾಯವೇ. "ಮೂರ್ ತಿಂಗ್ಳಿಂದ ಬಾಯ್ ಮುಚ್ಕಂಡಿದ್ದು, ಸುಣ್ಣ ಬಿದ್ ಮ್ಯಾಲೆ ಏಳ್ತೀರಲ್ಲ ಸಾ" ಎಂದ. ಆಮೇಲೆ ಹೇಳಿದ ಮಾತೂ ತೆಗೆದುಹಾಕುವಂಥದ್ದಲ್ಲ. ಅವನ ತಾಯಿ ಮೂವತ್ತು ವರ್ಷ ಹೊಗೆಯ ಅಡುಗೆಮನೆಯಲ್ಲಿ ಕೆಮ್ಮಿದ್ದಾರೆ, ಅವರು ಕೇಳಿದ್ದು ಇದೊಂದೇ, ಅದಕ್ಕೂ ಲಾಭ ನಷ್ಟ ನೋಡಬೇಕೆ? ಮನೆ ಇರುವುದು ಮಾರುವುದಕ್ಕಲ್ಲ, ಬಾಳುವುದಕ್ಕೆ. ಅವನ ಮೇಲಿದ್ದ ಗೌರವ ಇನ್ನಷ್ಟು ಹೆಚ್ಚಾಯಿತು, ನನ್ನ ಮೇಲಿದ್ದದ್ದು ಇಳಿಯಿತು.

ತಾಯಿ ಇಬ್ಬರ ಮಾತನ್ನೂ ಕೇಳಿ, "ಬಾಳಾಕೇ ಅಂದ್ರೆ ಬಾಳಿ ನೋಡಣ" ಎಂದರು. "ಬೆಳಿಗ್ಗೆ ಮಿಷನ್ ಇಳಿಸ್ಬ್ಯಾಡ ಮಗ. ನಾನೊಂದ್ ಕಿತ ಗುಡಿಸ್ತೀನಿ."

ಸುಣ್ಣದ ಗೆರೆಯ ಮನೆಯನ್ನು ಗುಡಿಸುವುದೆಂದರೇನು ಎಂದು ನನಗೆ ಅರ್ಥವಾಗಲಿಲ್ಲ. ಮಗನಿಗೂ ಆಗಲಿಲ್ಲ, ಆದರೆ ತಾಯಿಯ ಮಾತಿಗೆ ಎದುರಾಡಲಿಲ್ಲ. ಬೆಳಿಗ್ಗೆ ಬೆಳಕು ಹರಿಯುವ ಹೊತ್ತಿಗೆ ನಾನೂ ಹೋಗಿ ನಿಂತೆ. ಮೇಸ್ತ್ರಿ ಆಗಲೇ ಬಂದು ಬೀಡಿ ಹಚ್ಚಿಕೊಂಡು ಕೂತಿದ್ದ. ತಾಯಿ ಸೆರಗು ಸಿಕ್ಕಿಸಿಕೊಂಡು ತೆಂಗಿನ ಕಡ್ಡಿಯ ಪೊರಕೆ ಹಿಡಿದು ಬಂದು, ನಾನು ಸುಣ್ಣದಲ್ಲಿ 'ದೇವರು' ಎಂದು ಬರೆದಿದ್ದ ಚೌಕದ ಮೂಲೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಗೆರೆ ದಾಟಲಿಲ್ಲ, ಬಾಗಿಲು ಬರಬೇಕಾದ ಕಡೆಯಿಂದಲೇ ಹೋದರು.

ಅವರು ಗುಡಿಸಿದ ರೀತಿಯನ್ನು ನಾನು ಮರೆಯುವುದಿಲ್ಲ. ಅವಸರವಿಲ್ಲ, ಬಿಡುವೂ ಇಲ್ಲ. ಮೂಲೆಯಿಂದ ಶುರು ಮಾಡಿ, ಗೋಡೆ ಇದ್ದೇ ಇದೆ ಎನ್ನುವ ಹಾಗೆ ಗೆರೆಯ ಬುಡವನ್ನೆಲ್ಲ ಕೆರೆದು, ಕಸವನ್ನು ಬಾಗಿಲ ಕಡೆಗೆ ತಂದು, ಮುಂದಿನ ಕೋಣೆಗೆ ಹೋಗುವುದು. ಅಡುಗೆಮನೆ ಎಂದಿದ್ದಲ್ಲಿ ಒಲೆ ಬರುವ ಜಾಗವನ್ನು ಬಿಟ್ಟು ಸುತ್ತ ಗುಡಿಸಿದರು. ಒಂದು ಗೆರೆಯೂ ಅಳಿಸಲಿಲ್ಲ. ನಾನು ಕಾಗದದ ಮೇಲೆ ಬರೆದ ಮನೆಯೊಳಗೆ ಮೊದಲ ಸಲ ಒಬ್ಬರು ಓಡಾಡುತ್ತಿದ್ದರು. ನಾನು, ಮಗ, ಮೇಸ್ತ್ರಿ ಮೂವರೂ ಕೈಕಟ್ಟಿಕೊಂಡು ನೋಡುತ್ತಾ ನಿಂತೆವು.

ಮೂರು ಚೌಕ ಅಗಲಕ್ಕೆ, ಮೂರು ಚೌಕ ಉದ್ದಕ್ಕೆ ಬರುವ ಹೊತ್ತಿಗೆ ಸೊಸೆ ಹಾಲಿನ ಕ್ಯಾನು ಹಿಡಿದು ಬಂದು ಡೈರಿಗೆ ಹೊತ್ತಾಯಿತು ಎಂದರು. ದಿನವೂ ಮನೆ ಅಂಗಳ ಗುಡಿಸಿ, ಹಾಲು ಕರೆದು, ಆರೂವರೆಗೆ ಡೈರಿಗೆ ಹಾಕುವುದು ತಾಯಿಯ ದಿನಚರಿ. ಅವತ್ತು ಕರೆಯುವುದನ್ನು ಸೊಸೆಗೆ ಬಿಟ್ಟಿದ್ದರು. ಪೊರಕೆ ನಿಂತಿತು. ಸೊಂಟದ ಮೇಲೆ ಕೈಯಿಟ್ಟು ನೆಟ್ಟಗಾಗಿ, ಇನ್ನೂ ಗುಡಿಸದ ಹದಿನೈದು ಚೌಕಗಳನ್ನು ಒಂದು ಸಲ ನೋಡಿದರು. ಅದರ ಮೇಲೊಂದು ಮಹಡಿ ಬೇರೆ ಬರಬೇಕಿತ್ತು.

"ನನ್ ಕೈಲಾಗೋ ಮನೆ ಇಷ್ಟು ಕಣಪ್ಪ" ಎಂದು ನನಗೆ ಹೇಳಿದರು. "ಇಲ್ಲಿಗೆ ಗೋಡೆ ಆಕು."

ಅಲ್ಲಿಯವರೆಗೂ ನನ್ನನ್ನು ನೀವು ಎನ್ನುತ್ತಿದ್ದವರು ಅಂದು ಏಕವಚನಕ್ಕೆ ಇಳಿದರು. ನನಗೆ ಬಡ್ತಿ ಸಿಕ್ಕಿದ ಹಾಗಾಯಿತು. ಮಗ, ಆಳು ಇಟ್ಟುಕೊಳ್ಳೋಣ ಅವ್ವ ಎಂದ.

"ಆಳ್ಗೆ ಕೊಡಾಕೆ ಗದ್ದೆ ಇರ್ಬೇಕಲ್ಲ ಮಗ" ಎಂದರು ಆಕೆ. ಆಮೇಲೆ ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ಇಪ್ಪತ್ನಾಕಂಕಣ ಕೇಳುದ್ದು ನಾನೇ. ಅದು ಇಷ್ಟೊಂದು ಎಂಗಾಯ್ತು ಅಂತ ಗೊತ್ತಾಗ್ನಿಲ್ಲ" ಎಂದರು.

ಆ ಮಾತು ಕಿವಿಗೆ ಬಿದ್ದಾಗ ನನ್ನ ತಲೆಯಲ್ಲಿ ಏನೋ ತಟ್ಟಿತು. ಗುಡಿಸಿದ್ದು ಒಂಬತ್ತು ಚೌಕ. ಒಂದೊಂದು ಹದಿನೈದಕ್ಕೆ ಹದಿನೈದು. ಎರಡು ಸಾವಿರದ ಇಪ್ಪತ್ತೈದು ಚದರಡಿ. ಮಗನನ್ನು ಕರೆದುಕೊಂಡು ಹಳೇ ಮನೆಗೆ ಬಿರಬಿರನೆ ನಡೆದೆ. ಮೂರು ತಿಂಗಳ ಹಿಂದೆ ನಾನು ಬೆನ್ನು ಕೊಟ್ಟು ಕಾಫಿ ಕುಡಿದ ಅದೇ ಕಂಬದ ಬುಡಕ್ಕೆ ಅವನು ಟೇಪಿನ ತುದಿ ಹಿಡಿದ. ಮುಂದಿನ ಕಂಬಕ್ಕೆ ಎಳೆದೆ. ಒಂಬತ್ತಡಿ. ಅಡ್ಡಕ್ಕೆ ಎಳೆದೆ. ಅದೂ ಒಂಬತ್ತಡಿ. ಅಲ್ಲಿಗೆ ಆಕೆಯ ಒಂದು ಅಂಕಣ ಎಂಬತ್ತೊಂದು ಚದರಡಿ, ಇಪ್ಪತ್ತನಾಲ್ಕು ಅಂಕಣ ಎಂದರೆ ಎರಡು ಸಾವಿರಕ್ಕೂ ಐವತ್ತಾರು ಕಡಿಮೆ. ಹಳೆಯ ಮರದ ತೊಲೆ ಎಷ್ಟು ಉದ್ದಕ್ಕೆ ಸಿಕ್ಕುತ್ತಿತ್ತೋ ಅಂಕಣ ಅಷ್ಟೇ, ಊರಿಗೊಂದು ಅಳತೆ, ಮನೆಗೊಂದು ಅಳತೆ. ಅಂಕಣ ಎಂಬ ಮಾತು ಗೊತ್ತು ಎಂದು ಬೀಗಿದ ನಾನು ಅವರ ಅಂಕಣವನ್ನು ಅಳೆದಿರಲಿಲ್ಲ. ಆಕೆ ತಾವು ಕೇಳಿದ್ದ ಮನೆಯನ್ನೇ ಪೊರಕೆಯಲ್ಲಿ ಅಳೆದು ತೋರಿಸಿದ್ದರು. ಒಂದು ಅಂಕಣ ಹೆಚ್ಚೇ ಗುಡಿಸಿದ್ದರು.

ಹೊಲಕ್ಕೆ ವಾಪಸು ಬಂದು ಎಲ್ಲರ ಎದುರಿಗೂ ಹೇಳಿದೆ. ಅಮ್ಮ, ನೀವು ಈ ಮನೆ ಕೇಳಲೇ ಇಲ್ಲ. ಕೇಳಿಸಿಕೊಂಡವನು ತಪ್ಪಾಗಿ ಕೇಳಿಸಿಕೊಂಡ. ಗದ್ದೆ ಮಾರುವುದಕ್ಕೆ ನಿಮ್ಮ ಬಾಯಿ ಕಾರಣವಲ್ಲ. ಆಕೆ ಪೊರಕೆಯನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸರಿಮಾಡಿಕೊಂಡರು. ಕಣ್ಣಲ್ಲಿ ನೀರು ಬಂದಿತ್ತು. ಅಷ್ಟು ದಿನವೂ ಅದನ್ನು ತಮ್ಮದೇ ತಪ್ಪು ಎಂದು ಹೊತ್ತುಕೊಂಡಿದ್ದರು ಎಂದು ಆಗ ನನಗೆ ಗೊತ್ತಾಯಿತು.

ಮಗ ಟೇಪನ್ನು ಕೈಯಲ್ಲಿ ಸುತ್ತುತ್ತಾ, ಬಿಚ್ಚುತ್ತಾ ಸ್ವಲ್ಪ ಹೊತ್ತು ನಿಂತಿದ್ದ. ಇಂಥ ಹೊತ್ತಿನಲ್ಲಿ ಮನೆ ಕಟ್ಟಿಸುವ ಗಂಡಸರು ಏನು ಮಾಡುತ್ತಾರೆ ಎನ್ನುವುದನ್ನು ನಾನು ಬಹಳ ನೋಡಿದ್ದೇನೆ. ಊರಿಗೆಲ್ಲ ಹೇಳಿಯಾಗಿದೆ, ಈಗ ಹಿಂದೆ ಸರಿದರೆ ಮುಖ ಎಲ್ಲಿಡುವುದು ಎನ್ನುತ್ತಾರೆ. ಇವನು ಜೇಬಿನಿಂದ ಫೋನು ತೆಗೆದು ಪಕ್ಕದ ಊರಿನವರಿಗೆ ಗದ್ದೆ ಕೊಡುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದು ಹೇಳಿದ. ಇನ್ನೊಂದು ಕರೆ ಮಾಡಿ ಜೆಸಿಬಿಯನ್ನು ಬೇರೆ ಕೆಲಸಕ್ಕೆ ಕಳಿಸಿದ. ಎರಡಕ್ಕೂ ಸೇರಿ ಎರಡು ನಿಮಿಷ ಆಗಿರಬಹುದು. ಒಂದು ಗಾಡಿಯಿಂದ ಎಂಟು ಗಾಡಿ ಹೇಗಾಯಿತು ಎನ್ನುವುದು ಆವತ್ತು ನನಗೆ ಅರ್ಥವಾಯಿತು.

ಹೊಸ ಪ್ಲಾನನ್ನು ಐದು ದಿನದಲ್ಲಿ ಬರೆದೆ. ಪೊರಕೆ ನಿಂತ ಗೆರೆಗೇ ಗೋಡೆ. ಮೂರಕ್ಕೆ ಮೂರು, ಒಂಬತ್ತು ಚೌಕ, ನಡುವಿನದು ತೊಟ್ಟಿ. ಅಷ್ಟೂ ಕೆಂಪು ನೆಲದ ಮೇಲೆಯೇ ಬಂತು, ಪೈಲಿನ ಮಾತೇ ಹೋಯಿತು. ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಬೇರೆ ಕಡೆ ನೋಡಿದೆ. ಉಳಿದ ದುಡ್ಡಿನಲ್ಲಿ ಮಗ ಕಂಜೂಸು ಮಾಡಲಿಲ್ಲ. ತೊಟ್ಟಿಯ ನಾಲ್ಕು ಮೂಲೆಗೆ ಒಂದೇ ಮರದಿಂದ ಕಡೆದ ತೇಗದ ಕಂಬಗಳು, ಹೊಗೆ ನಿಲ್ಲದ ದೊಡ್ಡ ಅಡುಗೆಮನೆ, ಬರಿಗಾಲಿಗೆ ತಣ್ಣಗೆ ಹತ್ತುವ ಕೆಂಪು ಗಾರೆ ನೆಲ. ಆ ನೆಲವನ್ನು ಮೇಸ್ತ್ರಿ ಹನ್ನೊಂದು ದಿನ ಮಂಡಿಯೂರಿ ಉಜ್ಜಿದ. ಮುಖ ಕಾಣುವಷ್ಟು ಹೊಳಪು ಬಂದ ಮೇಲೂ, ಗುಡಿಸುವವರಿಗೆ ಪೊರಕೆ ತಡೆಯಬಾರದು ಎಂದು ಇನ್ನೊಂದು ದಿನ ಉಜ್ಜಿದ. ಮುಂದೆ ಬೇಕೆಂದರೆ ಮೇಲೆ ಎರಡು ಕೋಣೆ ಏಳಲಿ ಎಂದು ಕಂಬಗಳಿಗೆ ಅಷ್ಟು ಕಬ್ಬಿಣ ಹೆಚ್ಚಿಗೆ ಕೊಟ್ಟಿದ್ದೇನೆ. ನೋಡಲು ಬಂದವರು ಯಾರೂ ಚಿಕ್ಕದಾಯಿತು ಎನ್ನಲಿಲ್ಲ. ನಾನು ಬರೆದ ಮನೆಗಳಲ್ಲಿ ನನಗೇ ಹೋಗಿ ಇರಬೇಕು ಎನ್ನಿಸಿದ್ದು ಅದೊಂದೇ.

ನನ್ನ ಫೀಸು ಇಳಿಯಿತು, ಹೇಳಿಕೊಳ್ಳುವಷ್ಟೇ ಇಳಿಯಿತು. ಮೊದಲ ಪ್ಲಾನಿಗೂ ಕೊಡುತ್ತೇನೆ ಎಂದು ಮಗ ಬಲವಂತ ಮಾಡಿದ. ತಪ್ಪಿಗೆ ಕೂಲಿ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ. ಆ ದೊಡ್ಡ ಪ್ಲಾನು ಆಫೀಸಿನ ಬೀರುವಿನ ಮೇಲೆ ಸುರುಳಿಯಾಗಿ ಬಿದ್ದಿದೆ. ಆಗಾಗ ಬಿಚ್ಚಿ ನೋಡುತ್ತೇನೆ. ಈಗ ಯಾರ ಮನೆಗೆ ಹೋದರೂ ಕಾಫಿ ಬರುವ ಮುಂಚೆ ಟೇಪು ತೆಗೆಯುತ್ತೇನೆ.

ಒಕ್ಕಲಾಗಿ ಒಂದು ಮಳೆಗಾಲ ಕಳೆದ ಮೇಲೆ, ಎಲ್ಲಾದರೂ ಸೋರಿದೆಯೋ ಬಿರಿದಿದೆಯೋ ನೋಡೋಣ ಎಂದು ಹೋಗಿದ್ದೆ. ಎಲ್ಲೂ ಇರಲಿಲ್ಲ. ತಾಯಿ ಜಗಲಿಯ ಮೇಲೆ ಕೂತು ಹೊಸ ಅಕ್ಕಿ ಕೇರುತ್ತಿದ್ದರು. ಪಕ್ಕದಲ್ಲಿ ಕೂತು, ಆವತ್ತಿನ ಪ್ರಶ್ನೆಗೆ ಈಗ ಉತ್ತರ ಹೇಳುತ್ತೇನಮ್ಮ ಎಂದೆ. ಈ ಅಳತೆಯ ಮನೆಗೆ ಇಲ್ಲಿ ಕೊಳ್ಳುವವರಿದ್ದಾರೆ. ಹಾಕಿದ್ದು ಹೆಚ್ಚುಕಮ್ಮಿ ಬರುತ್ತದೆ. ಅವಸರಕ್ಕೆ ಮಾರಬೇಕಾಗಿ ಬಂದರೆ ಮಾತ್ರ ಒಂದಷ್ಟು ಇಳಿಯುತ್ತದೆ.

ಆಕೆ ಮೊರದಲ್ಲಿದ್ದ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆದರು.

"ಅವಸ್ರ ಯಾಕಪ್ಪ ಬಂದದು?" ಎಂದರು. "ಗದ್ದೆ ಅದೆಯಲ್ಲ."